ಮೂರು ಶೇಂಗಾಬೀಜದ ಬೆಳಕು

ಟಾರ್ಚಿನ ಡಬ್ಬಿಯ ಮೇಲೆ ಬರೆದಿದ್ದನ್ನು ಮೊದಲು ಹೇಳಿಬಿಡುತ್ತೇನೆ. 1,200 ಲೂಮೆನ್. 3,000 ಕ್ಯಾಂಡೆಲಾ. 110 ಮೀಟರ್. 3,500 ಎಂಎಎಚ್. ತೂಕ ಸೆಲ್ಲೂ ಸೇರಿ 110 ಗ್ರಾಂ. ಮುಷ್ಟಿಯಲ್ಲಿ ಹಿಡಿದರೆ ಆ ಕಡೆ ಒಂದು ಬೆರಳು, ಈ ಕಡೆ ಅರ್ಧ ಬೆರಳು ಹೊರಗೆ ಕಾಣುವಷ್ಟು ಉದ್ದ. ಪ್ಯಾಂಟಿನ ಜೇಬಿಗೆ ಸಿಕ್ಕಿಸಲು ಕ್ಲಿಪ್ಪು, ಬುಡದಲ್ಲಿ ಅಯಸ್ಕಾಂತ, ಪಕ್ಕದಲ್ಲಿ ಫೋನಿಗೆ ಚುಚ್ಚುವಂಥದ್ದೇ ಚಾರ್ಜಿಂಗ್ ಕಿಂಡಿ.

ಮಳೆಗಾಲದಲ್ಲಿ ಇದನ್ನು ಹಿಡಿದುಕೊಂಡು ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋದೆ. ಟಾರ್ಚನ್ನು ಪರೀಕ್ಷೆ ಮಾಡಬೇಕೆಂದರೆ ಬೆಂಗಳೂರಿನಲ್ಲಿ ಕತ್ತಲೆಯೇ ಸಿಗುವುದಿಲ್ಲ. ಚಿಕ್ಕಪ್ಪ ಅದನ್ನು ಅಂಗೈಯಲ್ಲಿಟ್ಟು ತೂಗಿನೋಡಿದರು.

“ಎಷ್ಟು ಸೆಲ್ಲಿನದು?”

“ಒಂದೇ, ಚಿಕ್ಕಪ್ಪ.”

“ಒಂದು ಸೆಲ್ಲಿನ ಬ್ಯಾಟ್ರಿ ಮಕ್ಕಳ ಆಟಕ್ಕಾಯ್ತು ಮಾರಾಯ. ಕೊಟ್ಟಿಗೆಗೆ ಎರಡಾದರೂ ಬೇಕು, ತೋಟಕ್ಕೆ ಮೂರು.”

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು, ಅದರ ತಾಕತ್ತು ಅಳೆಯುವುದು ಸೆಲ್ಲಿನ ಲೆಕ್ಕದಲ್ಲಿ. ಎರಡು ಸೆಲ್ಲಿನದು ಅಂಗಳಕ್ಕೆ, ಮೂರರದ್ದು ತೋಟಕ್ಕೆ, ಐದರದ್ದು ಗದ್ದೆಯಲ್ಲಿ ಹಂದಿ ಕಾಯುವವರ ಹೆಗಲಿಗೆ. ಆ ಎರಡು ಸೆಲ್ಲಿನ ಬ್ಯಾಟ್ರಿಯ ಪುಟಾಣಿ ಬಲ್ಬು ಸೆಲ್ಲು ಹೊಸದಿದ್ದಾಗಲೂ ಕೊಡುತ್ತಿದ್ದದ್ದು ಸುಮಾರು 10 ಲೂಮೆನ್. ಒಂದು ಮೇಣದಬತ್ತಿಯೇ ಹನ್ನೆರಡೂವರೆ ಲೂಮೆನ್ ಕೊಡುತ್ತದೆ. ನಾನು ಹುಡುಗನಾಗಿದ್ದಾಗ ಇಡೀ ಮನೆಯವರು ಮೇಣದಬತ್ತಿಗಿಂತ ಕಡಿಮೆ ಬೆಳಕಿನಲ್ಲಿ ಸಂಕ ದಾಟಿ, ಯಕ್ಷಗಾನ ನೋಡಿ, ಬೆಳಗಿನ ಜಾವ ವಾಪಸು ಬರುತ್ತಿದ್ದರು. ಬಲ್ಬಿನ ಹಿಂದಿನ ಹೊಳಪಿನ ಬಟ್ಟಲು ಆ ಹತ್ತನ್ನೇ ಒಟ್ಟುಮಾಡಿ ಮುಂದಕ್ಕೆ ತಳ್ಳುತ್ತಿತ್ತು, ಅಷ್ಟೇ ಅದರ ಜಾಣತನ.

ಈ ಲೂಮೆನ್ ಎಂಬುದರ ಮೂಲ ಕೆದಕಿದರೆ ತಿಮಿಂಗಿಲದ ತಲೆ ಸಿಗುತ್ತದೆ. 1860ರಲ್ಲಿ ಲಂಡನ್ನಿನ ಗ್ಯಾಸ್ ದೀಪಗಳು ಸರಿಯಾಗಿ ಬೆಳಗುತ್ತಿವೆಯೇ ಎಂದು ಅಳೆಯಲು ಬ್ರಿಟಿಷ್ ಸಂಸತ್ತು ಕಾನೂನಿನಲ್ಲೇ ಒಂದು ಮೇಣದಬತ್ತಿಯನ್ನು ಗೊತ್ತುಮಾಡಿತು: ಸ್ಪರ್ಮ್ ತಿಮಿಂಗಿಲದ ತಲೆಯೊಳಗಿನ ಮೇಣದಿಂದ ಮಾಡಿರಬೇಕು, ಗಂಟೆಗೆ 120 ಗ್ರೇನ್, ಎಂದರೆ ಸುಮಾರು 7.8 ಗ್ರಾಂ ಉರಿಯಬೇಕು. ಆ ಬತ್ತಿಯ ಬೆಳಕೇ ಹಲವು ಸಲ ತಿದ್ದಿಸಿಕೊಂಡು ಇಂದಿನ ಕ್ಯಾಂಡೆಲಾ ಆಗಿದೆ. ಒಂದು ಕ್ಯಾಂಡೆಲಾದ ದೀಪ ಸುತ್ತಲೂ ಸಮನಾಗಿ ಬೆಳಗಿದರೆ 12.57 ಲೂಮೆನ್. ನನ್ನ ಡಬ್ಬಿಯ 1,200ನ್ನು ಅದರಿಂದ ಭಾಗಿಸಿದರೆ 95 ಮೇಣದಬತ್ತಿ. ಅಷ್ಟನ್ನೂ ಒಟ್ಟಿಗೆ ಹಚ್ಚಿ ಒಂದು ಗಂಟೆ ಕೂತರೆ ಮುಕ್ಕಾಲು ಕಿಲೋ ಮೇಣ ಕರಗಿಹೋಗುತ್ತದೆ. ಟಾರ್ಚಿನೊಳಗಿರುವ ಸೆಲ್ಲಿನ ತೂಕ 48 ಗ್ರಾಂ, ಮತ್ತು ಅದರಲ್ಲಿ ಒಂದು ಗ್ರಾಂ ಕೂಡ ಖರ್ಚಾಗುವುದಿಲ್ಲ.

ಆ ಸೆಲ್ಲಿನ ಹೆಸರು 18650. ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿದೆ ಎಂಬುದಕ್ಕೆ. ಒಳಗೆ ತುಂಬಿದ ಶಕ್ತಿಯನ್ನು ಲೆಕ್ಕಹಾಕುವುದು ಸುಲಭ: 3.6 ವೋಲ್ಟ್, 3.5 ಆಂಪಿಯರ್ ಗಂಟೆ, ಗುಣಿಸಿದರೆ 12.6 ವ್ಯಾಟ್ ಗಂಟೆ, ಜೂಲ್‌ನಲ್ಲಿ 45,000. ಇದು ಎಷ್ಟು ಎಂದು ಮನಸ್ಸಿಗೆ ಹಿಡಿಯಬೇಕಾದರೆ ಜೋಗಕ್ಕೆ ಹೋಗಬೇಕು. ಜೋಗದ ಎತ್ತರ 253 ಮೀಟರ್. ಹದಿನೆಂಟು ಕಿಲೋ ಅಕ್ಕಿಯ ಚೀಲವನ್ನು ಗುಂಡಿಯ ತಳದಿಂದ ರಾಜಾ ಧಾರೆ ಧುಮುಕುವ ನೆತ್ತಿಯವರೆಗೆ ಎತ್ತಲು ಎಷ್ಟು ಶಕ್ತಿ ಬೇಕೋ ಅಷ್ಟು ನನ್ನ ಕಿರುಬೆರಳಿನಷ್ಟುದ್ದದ ಆ ಸೆಲ್ಲಿನಲ್ಲಿದೆ.

ಅಬ್ಬಾ ಎನ್ನಬೇಕೆಂದಿದ್ದೆ, ಆದರೆ ಇನ್ನೊಂದು ಕಡೆಯಿಂದ ಲೆಕ್ಕ ಹಾಕಿದಾಗ ಬಾಯಿ ಮುಚ್ಚಿಕೊಂಡೆ. 45,000 ಜೂಲ್ ಎಂದರೆ ಹನ್ನೊಂದು ಕಿಲೋಕ್ಯಾಲರಿಯೂ ಇಲ್ಲ. ಸಾಯಂಕಾಲ ಕಾಫಿಯ ಜೊತೆ ಬಾಯಿಗೆ ಎಸೆದುಕೊಳ್ಳುವ ಮೂರು ಶೇಂಗಾಬೀಜದಲ್ಲಿ ಅಷ್ಟಿರುತ್ತದೆ. ಸೀಮೆಎಣ್ಣೆಯ ಲೆಕ್ಕದಲ್ಲಾದರೆ ಕಾಲು ಚಮಚ! ಆಧುನಿಕ ರಸಾಯನಶಾಸ್ತ್ರದ ಹೆಮ್ಮೆ, 2019ರಲ್ಲಿ ಮೂವರಿಗೆ ನೊಬೆಲ್ ತಂದುಕೊಟ್ಟ ಲಿಥಿಯಂ ಅಯಾನ್ ಸೆಲ್ಲು, ಶೇಂಗಾದ ಮುಂದೆ ಬಡಪಾಯಿ. ಅದೇ ಕಾಲು ಚಮಚ ಸೀಮೆಎಣ್ಣೆಯನ್ನು ಚಿಮಣಿ ಬುಡ್ಡಿಗೆ ಹಾಕಿ ಹಚ್ಚಿ ನೋಡಿ, ಆಗ ಕಥೆ ಮತ್ತೆ ತಿರುಗುತ್ತದೆ. ಬುಡ್ಡಿಯ ಬತ್ತಿ ಒಂದು ವ್ಯಾಟ್ ಶಕ್ತಿಗೆ ಕೊಡುವುದು ಲೂಮೆನ್‌ನ ಹತ್ತನೇ ಒಂದು ಭಾಗ. ಮಿಕ್ಕಿದ್ದೆಲ್ಲ ಬಿಸಿ, ಹೊಗೆ, ಮಾಡಿನ ಹಲಗೆಗೆ ಮಸಿ. ಈ ಟಾರ್ಚು ವ್ಯಾಟಿಗೆ ನೂರರ ಆಸುಪಾಸು ಕೊಡುತ್ತದೆ. ಸಾವಿರ ಪಟ್ಟು. ಪವಾಡವಿದ್ದರೆ ಅದು ಟಾರ್ಚಿನ ತಲೆಯಲ್ಲಿದೆ, ಹೊಟ್ಟೆಯಲ್ಲಿಲ್ಲ.

ಖರ್ಚಿನ ಮಾತು ಬಂತು. ಒಂದು ಸಲ ಪೂರ್ತಿ ಚಾರ್ಜು ಮಾಡಲು ಸೋರಿಕೆಯೂ ಸೇರಿ ಹತ್ತು ಪೈಸೆಯ ಕರೆಂಟು. ಅದರಲ್ಲಿ ಸುಮಾರು 1,200 ಲೂಮೆನ್ ಗಂಟೆಯಷ್ಟು ಬೆಳಕು ಬರುತ್ತದೆ. ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ 1990ರ ದಶಕದಲ್ಲಿ ಬೆಳಕಿನ ಬೆಲೆಯ ಚರಿತ್ರೆಯನ್ನೇ ಬರೆದರು. ಅದಕ್ಕಾಗಿ ಹಳೇ ಕಾಲದ ಮಣ್ಣಿನ ದೀಪವೊಂದನ್ನು ಕೊಂಡು, ಎಳ್ಳೆಣ್ಣೆ ಹಾಕಿ ಉರಿಸಿ, ಬೆಳಕನ್ನು ಅಳೆದರು. ಅವರ ಲೆಕ್ಕದಲ್ಲಿ ಬ್ಯಾಬಿಲೋನಿಯಾದ ಕೂಲಿಯವನು 1,000 ಲೂಮೆನ್ ಗಂಟೆಯ ಬೆಳಕಿಗೆ ಬೇಕಾದ ಎಣ್ಣೆ ಸಂಪಾದಿಸಲು ಸುಮಾರು 41 ಗಂಟೆ ದುಡಿಯಬೇಕಿತ್ತು. ಅವನ ಒಂದು ವಾರದ ಕೂಲಿ ನನ್ನ ಜೇಬಿನಲ್ಲಿ ಹತ್ತು ಪೈಸೆಗೆ ಕೂತಿದೆ.

ಇಂಥ ಸೆಲ್ಲನ್ನು ಐನೂರು ಸಲ ಚಾರ್ಜು ಮಾಡಬಹುದು ಎನ್ನುತ್ತಾರೆ, ಆಮೇಲೆ ಅದು ಸೊರಗುತ್ತದೆ. ಐನೂರು ಸಲದ್ದನ್ನೂ ಕೂಡಿಸಿದರೆ ಆರು ಚಿಲ್ಲರೆ ಯೂನಿಟ್. ಎಷ್ಟೋ ವರ್ಷ ಕತ್ತಲೆಯಲ್ಲಿ ಕೈಹಿಡಿದು ನಡೆಸುವ ಒಂದು ಸೆಲ್ಲಿನ ಇಡೀ ಆಯುಸ್ಸಿನ ದುಡಿಮೆ, ಬಚ್ಚಲುಮನೆಯ ಗೀಸರ್ ಮೂರು ಗಂಟೆಯಲ್ಲಿ ಕುಡಿದು ಮುಗಿಸುವಷ್ಟು.

ಟಾರ್ಚಿನ ವಯಸ್ಸು ಹೆಚ್ಚೇನಲ್ಲ. ಡೇವಿಡ್ ಮಿಸೆಲ್ ಎಂಬಾತನ ಕೊಳವೆ ಟಾರ್ಚಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1899ರ ಜನವರಿಯಲ್ಲಿ. ಆಗಿನ ಸೆಲ್ಲುಗಳಿಗೆ ಒಂದೇ ಸಮನೆ ಉರಿಸುವ ಕಸುವಿರಲಿಲ್ಲ, ಮಿಂಚಿಸಿ ಆರಿಸಬೇಕಿತ್ತು. ಅಲ್ಲಿಯವರು ಇದನ್ನು ಇಂದಿಗೂ ಫ್ಲಾಷ್‌ಲೈಟ್ ಎನ್ನುವುದು ಅದಕ್ಕೇ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹತ್ತಿದ್ದು 1905ರಲ್ಲಿ. ಕೈಯಲ್ಲಿ ಹಿಡಿಯುವ ದೀಪ ನಮ್ಮ ರಾಜಧಾನಿಯ ಬೀದಿದೀಪಕ್ಕಿಂತ ಆರು ವರ್ಷ ಹಿರಿಯದು.

ಈಗ ತಲೆಯ ವಿಷಯ. ಗಾಜಿನ ಹಿಂದೆ ಹಳದಿ ಚುಕ್ಕೆಯೊಂದು ಕಾಣುತ್ತದೆ, ಅದೇ ಎಲ್‌ಇಡಿ, ರಾಗಿಕಾಳಿಗಿಂತ ಸ್ವಲ್ಪ ದೊಡ್ಡದು. ಹಳದಿ ಬರೀ ಮೇಲಿನ ಲೇಪ. ಅದರಡಿ ಹುಟ್ಟುವುದು ನೀಲಿ ಬೆಳಕು. ನೀಲಿಯಲ್ಲಿ ಒಂದಿಷ್ಟನ್ನು ಲೇಪ ನುಂಗಿ ಹಳದಿಯಾಗಿ ಉಗುಳುತ್ತದೆ, ಎರಡೂ ಬೆರೆತಾಗ ನಮ್ಮ ಕಣ್ಣು ಬಿಳಿ ಎಂದು ಮೋಸಹೋಗುತ್ತದೆ. ಆ ನೀಲಿ ಹುಟ್ಟುವ ಪದರದ ದಪ್ಪ ಸುಮಾರು 3 ನ್ಯಾನೋಮೀಟರ್. ತಲೆಗೂದಲನ್ನು ಉದ್ದಕ್ಕೆ 25,000 ಹೋಳು ಸೀಳಿದರೆ ಒಂದು ಹೋಳು ಅಷ್ಟಿರುತ್ತದೆ. ನಿಮ್ಮ ಉಗುರು ಸೆಕೆಂಡಿಗೆ ಸುಮಾರು ಒಂದು ನ್ಯಾನೋಮೀಟರ್ ಬೆಳೆಯುತ್ತದೆ. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಅದು ಆ ಪದರದ ದಪ್ಪವನ್ನು ದಾಟಿ ಮುಂದೆ ಹೋಗಿದೆ.

ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಪ್ರಖರ ನೀಲಿಗಾಗಿ ಜಗತ್ತು ಮೂವತ್ತು ವರ್ಷ ಕಾಯಿತು. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಾಮುರಾ 1993ರಲ್ಲಿ ಅದನ್ನು ಸಾಧಿಸಿದಾಗ ಅವರ ಪೇಟೆಂಟಿಗೆ ಸಿಕ್ಕ ಬಹುಮಾನ 20,000 ಯೆನ್. ಅವರು ಮೊಕದ್ದಮೆ ಹೂಡಿದರು, 2004ರಲ್ಲಿ ಟೋಕಿಯೋದ ನ್ಯಾಯಾಲಯ 2,000 ಕೋಟಿ ಯೆನ್ ಕೊಡಿ ಎಂದಿತು. ಸರಿಯಾಗಿ ಹತ್ತು ಲಕ್ಷ ಪಟ್ಟು. ಮರುವರ್ಷ ಮೇಲ್ಮನವಿಯ ಹಂತದಲ್ಲಿ ಸುಮಾರು 84 ಕೋಟಿಗೆ ರಾಜಿಯಾಯಿತು. 2014ರಲ್ಲಿ ಅಕಾಸಾಕಿ ಮತ್ತು ಅಮಾನೊ ಅವರ ಜೊತೆ ನೊಬೆಲ್ಲೂ ಬಂತು.

ಆ ಪದರದಿಂದ ಹೊರಡುವ ಬೆಳಕಿನ ಕಣಗಳನ್ನು ಎಣಿಸಲು ಹೊರಟವನಿಗೆ ಮಾತ್ರ ಯಾವ ಬಹುಮಾನವೂ ಸಾಲದು. ಟಾರ್ಚನ್ನು 100 ಲೂಮೆನ್‌ಗೆ ಇಳಿಸಿಟ್ಟುಕೊಂಡರೂ ಒಂದು ಸೆಕೆಂಡಿಗೆ ಸುಮಾರು 8,000 ಕೋಟಿ ಕೋಟಿ ಫೋಟಾನ್. ತಪ್ಪಿ ಎರಡು ಸಲ ಬರೆದದ್ದಲ್ಲ, ಕೋಟಿಯನ್ನು ಕೋಟಿಯಿಂದ ಗುಣಿಸಿ, ಮತ್ತೆ ಎಂಟು ಸಾವಿರದಿಂದ ಗುಣಿಸಬೇಕು. ವಿಶ್ವ ಹುಟ್ಟಿ 1,380 ಕೋಟಿ ವರ್ಷವಾಯಿತು. ಅದನ್ನು ಸೆಕೆಂಡುಗಳಾಗಿ ಬಿಡಿಸಿದರೆ ಬರುವುದು ಸುಮಾರು 4,350 ಕೋಟಿ ಕೋಟಿ. ವಿಶ್ವ ಹುಟ್ಟಿದ ಕ್ಷಣದಿಂದ ಯಾರೋ ಒಬ್ಬ ಸೆಕೆಂಡಿಗೊಂದರಂತೆ ಫೋಟಾನ್ ಎಣಿಸುತ್ತ ಕೂತಿದ್ದರೆ, ನಾನು ಗುಂಡಿ ಒತ್ತಿದ ಒಂದೇ ಸೆಕೆಂಡಿನ ಬೆಳಕಿನಲ್ಲಿ ಅರ್ಧದಷ್ಟನ್ನು ಮಾತ್ರ ಈಗ ಮುಗಿಸಿರುತ್ತಿದ್ದ. ಇನ್ನೊಂದು ತುದಿಯಲ್ಲಿ ನಮ್ಮ ಕಣ್ಣಿದೆ. 1942ರಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಎಂಬ ಮೂವರು ಕತ್ತಲೆಗೆ ಪಳಗಿದ ಕಣ್ಣಿನ ಮೇಲೆ ಪ್ರಯೋಗ ಮಾಡಿ, ಅಕ್ಷಿಪಟಲ ಐದರಿಂದ ಹದಿನಾಲ್ಕು ಫೋಟಾನ್ ಹೀರಿದರೆ ಸಾಕು, ಬೆಳಕು ಕಂಡಿತು ಎಂದು ಮನುಷ್ಯ ಹೇಳಬಲ್ಲ ಎಂದು ತೋರಿಸಿದರು. ಹತ್ತು ಸಾಕು ಎನ್ನುವ ಗಿರಾಕಿಗೆ ಸಾವಿರಾರು ಕೋಟಿ ಕೋಟಿ ಸುರಿಯುವ ವ್ಯಾಪಾರಿ ಈ ಟಾರ್ಚು.

ಇಷ್ಟೆಲ್ಲ ಹೇಳಿದ ಮೇಲೆ 1,200 ಲೂಮೆನ್ ಹಚ್ಚಿ ನೋಡಿದ್ದು ಹೇಗಿತ್ತು? ಅಡಿಕೆ ತೋಟದ ಆಚೆ ತುದಿಯ ಮರದ ಗೊನೆಯೂ ಕಂಡಿತು. ಚಿಕ್ಕಪ್ಪ “ಹೋ” ಎಂದರು. ಮೂರ್ನಾಲ್ಕು ನಿಮಿಷವಾಗುತ್ತಲೇ ಬೆಳಕು ತಾನಾಗಿ ಕುಗ್ಗಿತು. ಟಾರ್ಚು ಕೆಟ್ಟಿರಲಿಲ್ಲ, ತನ್ನನ್ನು ತಾನು ಉಳಿಸಿಕೊಂಡಿತು. ಪೂರ್ತಿ ಜೋರಿನಲ್ಲಿ ಸೆಲ್ಲಿನಿಂದ ಹನ್ನೆರಡು ವ್ಯಾಟ್ ಎಳೆಯುತ್ತದೆ, ಅದರಲ್ಲಿ ಎಂಟರಷ್ಟು ಬಿಸಿಯಾಗುತ್ತದೆ. ಎಂಟು ವ್ಯಾಟ್ ಎಂದರೆ ಏನೂ ಅಲ್ಲ ಅನ್ನಿಸಬಹುದು, ಆದರೆ ಅದು ಹುಟ್ಟುವ ಜಾಗ ಎರಡು ಮಿಲಿಮೀಟರ್ ಚೌಕ. ಅಷ್ಟೇ ಜಾಗದ ಲೆಕ್ಕಕ್ಕೆ ತಂದು ನೋಡಿದರೆ ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳಕ್ಕಿಂತ ನಲವತ್ತು ಪಟ್ಟು ತೀವ್ರ. ಸೆಲ್ಲೂ ಸೇರಿ ನೂರು ಚಿಲ್ಲರೆ ಗ್ರಾಂನ ಟಾರ್ಚು ನಿಮಿಷಕ್ಕೆ ಐದು ಡಿಗ್ರಿಯಂತೆ ಬಿಸಿಯೇರುತ್ತದೆ, ಐವತ್ತು ಡಿಗ್ರಿ ಮುಟ್ಟಿದರೆ ಕೈಯಲ್ಲಿ ಹಿಡಿಯಲಾಗದು. ತಯಾರಕರು ಪಾಲಿಸುವ ಮಾನದಂಡದಲ್ಲಿ ಲೂಮೆನ್ ಅಳೆಯುವುದು ಹಚ್ಚಿದ ಮೂವತ್ತು ಸೆಕೆಂಡಿಗೆ. ಎಷ್ಟು ಹೊತ್ತು ಉರಿಯುತ್ತದೆ ಎನ್ನುವುದನ್ನು ಅಳೆಯುವುದು ಆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ. ನಡುವೆ ಏನೇನಾಯಿತು ಎಂದು ಡಬ್ಬಿ ಹೇಳುವುದಿಲ್ಲ. ಕೊಳ್ಳುವಾಗ ನೋಡಬೇಕಾದ್ದು ಕುಗ್ಗಿದ ಮೇಲೆ ಎಷ್ಟಕ್ಕೆ ನಿಲ್ಲುತ್ತದೆ ಎಂಬುದನ್ನು. ನನ್ನದು ಕಣ್ಣಂದಾಜಿಗೆ ನಾನೂರರ ಸುಮಾರಿಗೆ ನಿಂತಿತು, ತಕರಾರಿಲ್ಲ.

ಇದು ಪ್ರಾಮಾಣಿಕರ ಲೆಕ್ಕವಾಯಿತು. ಆನ್‌ಲೈನ್ ಅಂಗಡಿಗಳಲ್ಲಿ ಇದೇ ಗಾತ್ರದ ಟಾರ್ಚಿಗೆ 1,00,000 ಲೂಮೆನ್ ಎಂದು ಬರೆದು ಮಾರುವವರಿದ್ದಾರೆ. ವ್ಯಾಟಿಗೆ 150 ಲೂಮೆನ್ ಎಂದು ಉದಾರವಾಗಿ ಒಪ್ಪಿಕೊಂಡರೂ ಅದಕ್ಕೆ 667 ವ್ಯಾಟ್ ಬೇಕು, ಎಂದರೆ ಅಡಿಗೆಮನೆಯ ಮಿಕ್ಸಿಯಷ್ಟು. ಒಂದು ಸೆಲ್ಲು ಅಷ್ಟು ಕೊಡಬೇಕಾದರೆ 185 ಆಂಪಿಯರ್ ಹರಿಯಬೇಕು, ಅದು ಗ್ಯಾರೇಜಿನ ವೆಲ್ಡಿಂಗ್ ಮೆಷಿನ್ನಿನ ಕರೆಂಟು. ಹರಿದರೂ 68 ಸೆಕೆಂಡಿನಲ್ಲಿ ಸೆಲ್ಲು ಖಾಲಿ. ಜೊತೆಗೆ 9,900 ಎಂಎಎಚ್ ಎಂದು ಮುದ್ರಿಸಿದ 18650 ಸೆಲ್ಲುಗಳೂ ಬರುತ್ತವೆ. ಆ ಗಾತ್ರದಲ್ಲಿ ಜಗತ್ತಿನ ಒಳ್ಳೊಳ್ಳೆಯ ಕಾರ್ಖಾನೆಗಳು ತುಂಬಿಸುವುದು ಮೂರೂವರೆ ಸಾವಿರದ ಆಚೀಚೆ. ಇದಕ್ಕೆ ಪ್ರಯೋಗಶಾಲೆ ಬೇಡ, ಚಿನ್ನದಂಗಡಿಯ ತಕ್ಕಡಿ ಸಾಕು. ನಿಜವಾದದ್ದು ನಲವತ್ತೈದರಿಂದ ಐವತ್ತು ಗ್ರಾಂ ತೂಗುತ್ತದೆ, ಸುಳ್ಳಿನದು ಹಗುರ.

ಸಂಖ್ಯೆ ನಿಜವೇ ಇದ್ದರೂ ಕಣ್ಣು ಅದನ್ನು ಪೂರ್ತಿ ನಂಬುವುದಿಲ್ಲ. ಬೆಳಕು ಎಂಟು ಪಟ್ಟಾದಾಗ ಕಣ್ಣಿಗೆ ಎರಡು ಪಟ್ಟಾದಂತೆ ಅನ್ನಿಸುತ್ತದೆ. ಹಳೇ ಎರಡು ಸೆಲ್ಲಿನ ಬ್ಯಾಟ್ರಿಗಿಂತ ಇದರಲ್ಲಿ 120 ಪಟ್ಟು ಬೆಳಕು, ಕಣ್ಣಿನ ಲೆಕ್ಕದಲ್ಲಿ ಐದು ಪಟ್ಟು. 1,000 ಲೂಮೆನ್ನಿನದಕ್ಕಿಂತ 1,200ರದ್ದಕ್ಕೆ ಐನೂರು ರೂಪಾಯಿ ಹೆಚ್ಚು ಕೊಟ್ಟವನಿಗೆ ಸಿಗುವುದು ಆರು ಪೈಸೆಯಷ್ಟು ಸಂತೋಷ.

ದೂರದ್ದೂ ಹಾಗೆಯೇ. ಡಬ್ಬಿಯ 110 ಮೀಟರ್ ಎಂದರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಬೆಳಕು ಕಾಲು ಲಕ್ಸ್ ಉಳಿದಿರುತ್ತದೆ, ಹುಣ್ಣಿಮೆಯ ಬೆಳದಿಂಗಳಷ್ಟು. ಹುಣ್ಣಿಮೆಯಲ್ಲಿ 110 ಮೀಟರ್ ಆಚೆಯ ದನ ಯಾರದ್ದೆಂದು ಹೇಳಿ ನೋಡೋಣ! ಡಬ್ಬಿಯ ಮೇಲೆ ಬರೆದದ್ದನ್ನು ನಾನು ಮೂರರಿಂದ ಭಾಗಿಸುತ್ತೇನೆ. ಮೂವತ್ತೈದು ಮೀಟರಿನೊಳಗೆ ಬೆಳಕು ಒಂಬತ್ತು ಪಟ್ಟು ಹೆಚ್ಚಿರುತ್ತದೆ, ಅಲ್ಲಿ ನಂಬಬಹುದು. ಆದರೆ ನಾವು ನೋಡುವ ದೂರ ಬೇರೆ, ನಮ್ಮನ್ನು ಇನ್ನೊಬ್ಬರು ನೋಡುವ ದೂರ ಬೇರೆ. ಮೇಣದಬತ್ತಿ ಬರಿಗಣ್ಣಿಗೆ ಎಷ್ಟು ದೂರ ಕಾಣುತ್ತದೆ ಎಂದು 2015ರಲ್ಲಿ ಅಮೆರಿಕದ ಇಬ್ಬರು ಖಗೋಳಜ್ಞರು ಅಳೆದರು: ಸುಮಾರು ಎರಡೂವರೆ ಕಿಲೋಮೀಟರ್. 3,000 ಕ್ಯಾಂಡೆಲಾದ ಟಾರ್ಚು ನೇರ ಕಣ್ಣಿಗೆ ಹಿಡಿದರೆ, ಗಾಳಿ ತಿಂದುಹಾಕುವುದನ್ನು ಬಿಟ್ಟು, ಅದರ ಐವತ್ತೈದು ಪಟ್ಟು, ನೂರಮೂವತ್ತು ಕಿಲೋಮೀಟರ್ ದಾಟುತ್ತದೆ. ಮುಳ್ಳಯ್ಯನಗಿರಿಯ ತುದಿಯಿಂದ ದಿಗಂತವೇ ಹೆಚ್ಚುಕಡಿಮೆ ಅಷ್ಟು ದೂರ. ಮೂವತ್ತೈದು ಮೀಟರ್ ನೋಡಲು ಕೊಂಡ ವಸ್ತು ಜಿಲ್ಲೆಗಳಾಚೆಗೆ ನಾನಿಲ್ಲಿದ್ದೇನೆ ಎಂದು ಕೂಗಬಲ್ಲದು. ಗುಡ್ಡದಲ್ಲಿ ದಾರಿತಪ್ಪುವವರು ಜೇಬಿನಲ್ಲಿಟ್ಟುಕೊಳ್ಳಲು ಇದಕ್ಕಿಂತ ಬೇರೆ ಕಾರಣ ಬೇಡ.

ನಮ್ಮ ಕಡೆಯವರಿಗೆ ಕಾರಣ ಪಾದದ ಹತ್ತಿರವೇ ಇದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷದಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಹನ್ನೆರಡು ಲಕ್ಷ ಎಂದು ಅಧ್ಯಯನವೊಂದು ಅಂದಾಜಿಸಿದೆ. ವರ್ಷಕ್ಕೆ 58,000. ಒಂಬತ್ತು ನಿಮಿಷಕ್ಕೆ ಒಬ್ಬರು. ಅಂಗಳ ದಾಟುವವನಿಗೆ ಬೇಕಾದ್ದು ಎರಡು ಹೆಜ್ಜೆ ಮುಂದಿನ ನೆಲ, ಅದಕ್ಕೆ ಮೂವತ್ತು ಲೂಮೆನ್ ಧಾರಾಳ. ಅಲ್ಲಿ ಮುಖ್ಯವಾಗುವುದು ಬಣ್ಣ. ಕೊಳಕುಮಂಡಲ ಕಂದು, ಅದು ಮಲಗಿರುವ ತರಗೆಲೆಯೂ ಕಂದು; ನೀಲಿ ಛಾಯೆಯ ಅಗ್ಗದ ಬೆಳಕು ಎರಡನ್ನೂ ಒಂದೇ ಬೂದಿಯಾಗಿ ತೋರಿಸುತ್ತದೆ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎನ್ನುವುದಕ್ಕೆ ನೂರರಲ್ಲಿ ಅಂಕ ಕೊಡುವ ಪದ್ಧತಿಯಿದೆ. ನನ್ನದಕ್ಕೆ 95, ಸಾಮಾನ್ಯದ್ದಕ್ಕೆ 70. ಈ ಇಪ್ಪತ್ತೈದು ಅಂಕಕ್ಕಾಗಿ ನಾನು ಐನೂರು ಲೂಮೆನ್ನನ್ನು ಖುಷಿಯಿಂದ ಬಿಟ್ಟುಕೊಟ್ಟೇನು.

ಮಳೆಯ ರಾತ್ರಿ ಇನ್ನೊಂದು ಪಾಠ ಕಲಿಸಿತು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಆಗುಂಬೆ ನಮಗೆ ಪಕ್ಕದ್ದೇ. ಮಂಜು ಇಳಿದಾಗ ಪೂರ್ತಿ ಜೋರು ಹಚ್ಚಿದರೆ ಎದುರಿಗೆ ಸುಣ್ಣ ಬಳಿದ ಗೋಡೆ ಎದ್ದು ನಿಲ್ಲುತ್ತದೆ. ತಗ್ಗಿಸಿ, ಸೊಂಟದ ಮಟ್ಟದಿಂದ ಹಿಡಿದರೆ ದಾರಿ ಬಿಚ್ಚಿಕೊಳ್ಳುತ್ತದೆ. ಜೋರು ಬೆಳಕಿನ ಇನ್ನೊಂದು ಶಿಕ್ಷೆ, ಕತ್ತಲೆಗೆ ಪಳಗಿದ್ದ ಕಣ್ಣು ಕಳೆದುಕೊಂಡದ್ದನ್ನು ಮರಳಿ ಪಡೆಯಲು ಇಪ್ಪತ್ತು ಮೂವತ್ತು ನಿಮಿಷ. ದೂರು ಹೇಳಲೇಬೇಕೆಂದರೆ ಒಂದಿದೆ: ಒತ್ತಿ ಹಿಡಿದರೆ ಒಂದು, ಎರಡು ಸಲ ಒತ್ತಿದರೆ ಇನ್ನೊಂದು, ಮೂರು ಸಲ ಒತ್ತಿದರೆ ಪೊಲೀಸ್ ಜೀಪಿನಂತೆ ಮಿಣಿಮಿಣಿ. ಒಂದೇ ಗುಂಡಿಗೆ ಇಷ್ಟು ವಿದ್ಯೆ ಯಾಕೆ? ಜೇಬಿನೊಳಗೆ ತಾನಾಗಿ ಹೊತ್ತಿಕೊಳ್ಳದಂತೆ ಬೀಗ ಹಾಕುವ ಉಪಾಯವನ್ನು ಮಾತ್ರ ಮೆಚ್ಚಿದೆ. ಹನ್ನೆರಡು ವ್ಯಾಟ್ ಬಟ್ಟೆಗೆ ಒತ್ತಿಕೊಂಡು ಉರಿದರೆ ಬಟ್ಟೆ ಸುಡುತ್ತದೆ.

ಚಿಕ್ಕಪ್ಪನಿಗೆ ಇದಾವುದೂ ಬೇಕಾಗಲಿಲ್ಲ. ಮೂವತ್ತು ಲೂಮೆನ್ ಎಲ್ಲಿದೆ ಎಂದು ಮೊದಲ ದಿನವೇ ಅವರ ಹೆಬ್ಬೆರಳು ಕಂಡುಕೊಂಡಿತು, ಅಲ್ಲಿಂದ ಕದಲಲಿಲ್ಲ. ನಾಗರಪಂಚಮಿ ಮುಗಿಸಿ ಹೊರಡುವಾಗ ಟಾರ್ಚು ಅವರ ಅಂಗಿಯ ಜೇಬಿನಲ್ಲೇ ಉಳಿಯಿತು. ಕೇಳಿ ತೆಗೆದುಕೊಳ್ಳಲು ನನಗೆ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ: ದಿನಕ್ಕೆ ಇಪ್ಪತ್ತು ನಿಮಿಷ, ಕೊಟ್ಟಿಗೆಗೆ ಎರಡು ಸಲ, ತೋಟದ ಪಂಪಿಗೆ ಒಂದು ಸಲ. ದಿನಕ್ಕೆ ಹತ್ತು ಲೂಮೆನ್ ಗಂಟೆ. ನೂರಿಪ್ಪತ್ತು ದಿನ.

ದೀಪಾವಳಿಗೆ ಹೋದಾಗ ಚಾರ್ಜಿನ ವೈರು ಡಬ್ಬಿಯಲ್ಲಿ ಕಟ್ಟು ಬಿಚ್ಚದೆ ಹಾಗೇ ಇತ್ತು. ಚಿಕ್ಕಪ್ಪ ಕೊಟ್ಟಿಗೆಯಿಂದ ಬಂದವರು ಟಾರ್ಚನ್ನು ಆರಿಸಿ ಜಗಲಿಯ ಕಂಬದ ಕಬ್ಬಿಣದ ಪಟ್ಟಿಗೆ ಅಂಟಿಸಿದರು.

“ಇದಕ್ಕೆ ಸೆಲ್ಲು ಹಾಕೋದು ಯಾವಾಗ ಮಾರಾಯ?”